ಕ್ರೈಸ್ತ ವಿಶ್ವವಿದ್ಯಾಲಯದ ಎಂ.ಕಾಂ.: ಮನೆಯಿಂದಲೇ ಓದಿಸಲೇ, ಹಾಸ್ಟೆಲಿಗೆ ಕಳುಹಿಸಲೇ?

ಸಿದ್ದಾಪುರದ ತಾಯಿ:
ಮಗಳು ವಿರಾಜಪೇಟೆಯಲ್ಲಿ ಬಿ.ಕಾಂ. ಮುಗಿಸಿದಳು. ಎಂ.ಕಾಂ. ಮಾಡಿದರೆ ಕ್ರೈಸ್ತ ವಿಶ್ವವಿದ್ಯಾಲಯದಲ್ಲೇ ಎಂದು ಹಟ ಹಿಡಿದಿದ್ದಾಳೆ. ಆನ್‌ಲೈನ್ ಆದರೆ ನಮಗೆ ಅನುಕೂಲ, ತೋಟದ ವಾರದ ಬಟವಾಡೆಯ ಲೆಕ್ಕವನ್ನು ಅವಳೇ ನೋಡುವುದು. ಆದರೆ ಅಂಥ ಪದವಿಗೆ ಬೆಲೆ ಇಲ್ಲ ಎನ್ನುತ್ತಾರೆ ನಮ್ಮಣ್ಣ. ತಿಳಿದವರು ಹೇಳಿ.

ನಿವೃತ್ತ ಉಪನ್ಯಾಸಕ, ಮಡಿಕೇರಿ:
ಬೆಲೆಯ ಚಿಂತೆ ಬಿಡಿ ಅಮ್ಮಾ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇದ್ದರೆ ಆನ್‌ಲೈನ್ ಪದವಿ ತರಗತಿಯ ಪದವಿಗೆ ಸಮ ಎಂದು 2022ರಲ್ಲೇ ಯುಜಿಸಿ ಸ್ಪಷ್ಟಪಡಿಸಿದೆ. ಆದರೆ ದೊಡ್ಡ ಹೆಸರು ಕಂಡು ಹಣ ಕಟ್ಟಬೇಡಿ. ನೀವು ಸೇರಿಸುವ ಕೋರ್ಸಿಗೆ, ಆ ವರ್ಷಕ್ಕೆ ಅನುಮತಿ ಇದೆಯೇ ಎಂದು ಯುಜಿಸಿ ಜಾಲತಾಣದಲ್ಲಿ ನೋಡಿ. ನರ್ಸಿಂಗ್, ಕಾನೂನು, ಎಂಜಿನಿಯರಿಂಗ್ ಪದವಿಗಳನ್ನು ಆನ್‌ಲೈನ್‌ನಲ್ಲಿ ಕೊಡುವಂತೆಯೇ ಇಲ್ಲ.

ಸೋಮವಾರಪೇಟೆಯವಳು:
ನಾನು ಬಿ.ಕಾಂ. ಅನ್ನು ಮಂಗಳೂರಿನ ಕ್ರೈಸ್ತ ಕಾಲೇಜಿನ ಹಾಸ್ಟೆಲಿನಲ್ಲಿದ್ದು ಓದಿದೆ, ಎಂಬಿಎ ಅನ್ನು ಮನೆಯಿಂದ. ಪಾಠದ ಮಟ್ಟಿಗೆ ಆನ್‌ಲೈನ್ ಕಡಿಮೆಯೇನಲ್ಲ. ಅರ್ಥವಾಗದ ಲೆಕ್ಕವನ್ನು ರಾತ್ರಿ ಮತ್ತೆ ಮತ್ತೆ ಹಾಕಿ ಕೇಳಬಹುದಿತ್ತು, ತರಗತಿಯಲ್ಲಿ ಆ ಸೌಕರ್ಯವಿಲ್ಲ. ಪರೀಕ್ಷೆ ಬಂದದ್ದು ಮಾತ್ರ ಜುಲೈಯಲ್ಲಿ! ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಯಿತು, ಸಂಜೆಯ ಹೊತ್ತಿಗೆ ಟವರ್ ಕೂಡ ಸತ್ತಿತು. ಅಪ್ಪ ಜೀಪಿನಲ್ಲಿ ಕುಶಾಲನಗರದ ಚಿಕ್ಕಮ್ಮನ ಮನೆಗೆ ಕರೆದೊಯ್ದರು, ಅಲ್ಲಿ ಕುಳಿತು ಬರೆದೆ. ಪರೀಕ್ಷೆ ಯಾವ ತಿಂಗಳು ಎಂದು ಮೊದಲೇ ಕೇಳಿಕೊಳ್ಳಿ.

ಇನ್ನೊಂದು ಮಾತು. ಎಂ.ಕಾಂ. ಪಠ್ಯ ಎಲ್ಲಿ ಓದಿದರೂ ಎಂ.ಕಾಂ. ಪಠ್ಯವೇ. ಕ್ರೈಸ್ತ ಸಂಸ್ಥೆಯ ಗುಣ ಇರುವುದು ಅಲ್ಲಿನ ದಿನಚರಿಯಲ್ಲಿ. ಸಂಜೆ ಪ್ರಾರ್ಥನೆ ಮುಗಿದ ಮೇಲೆ ಅಧ್ಯಯನದ ಹೊತ್ತು, ಮಂಕಾಗಿ ಕುಳಿತವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು "ಊಟ ಮಾಡಿದೆಯಾ?" ಎನ್ನುತ್ತಿದ್ದ ವಾರ್ಡನ್ ಸಿಸ್ಟರ್. ಆ ಎರಡು ವರ್ಷ ಲ್ಯಾಪ್‌ಟಾಪಿನಿಂದ ನನಗೆ ಪಾಠ ಬಂತು, ಇದು ಬರಲಿಲ್ಲ. ಮಗಳಿಗೆ ಬೇಕಾದದ್ದು ಪದವಿಯೋ, ಆ ವಾತಾವರಣವೋ ಎಂದು ಅವಳನ್ನೇ ಕೇಳಿ. ವಾತಾವರಣ ಎಂದರೆ ದಯವಿಟ್ಟು ಕಳುಹಿಸಿ ಅಕ್ಕಾ, ಬಟವಾಡೆಗೆ ಬೇರೆ ಯಾರಾದರೂ ಸಿಗುತ್ತಾರೆ.

ಸಿದ್ದಾಪುರದ ತಾಯಿ:
ಕೇಳಿದೆ. ಹಾಸ್ಟೆಲೇ ಬೇಕಂತೆ, ಹೇಳುವಾಗ ಕಣ್ಣು ತುಂಬಿಕೊಂಡಳು. ಬೆಂಗಳೂರಿಗೂ ಮಂಗಳೂರಿಗೂ ಅರ್ಜಿ ಹಾಕಿಸುತ್ತೇನೆ. ಲೆಕ್ಕದ ಪುಸ್ತಕವನ್ನು ಅಣ್ಣನ ಮಗನಿಗೆ ಒಪ್ಪಿಸಿದ್ದೇನೆ. ಇಬ್ಬರಿಗೂ ಧನ್ಯವಾದ.