ಹ್ಯಾಂಡ್‌ಬಿಲ್ಲಿಗೆ ‘ಕರಪತ್ರ’ ಅನ್ನಬಹುದಾ?

ನಮಸ್ಕಾರ. ಅಮೆರಿಕದ ಸಾನ್ ಹೋಸೆಯಲ್ಲಿರುವ ಗೆಳೆಯನೊಬ್ಬನಿಗೆ 1960ರ ದಶಕದ ರಾಕ್ ಸಂಗೀತದ ಹ್ಯಾಂಡ್‌ಬಿಲ್‌ ಕೂಡಿಡುವ ಹುಚ್ಚು. ಊರಲ್ಲಿ ತೋರಿಸಲು ಆಲ್ಬಮ್ ಮಾಡಿದ್ದಾನೆ. ಚಿತ್ರಗಳ ಕೆಳಗೆ ಕನ್ನಡದಲ್ಲಿ ಒಂದೆರಡು ಸಾಲು ಬರೆದುಕೊಡು ಅಂದ. ಮೊದಲ ಪದಕ್ಕೇ ಸಿಕ್ಕಿಹಾಕಿಕೊಂಡೆ.

ನಿಘಂಟು ‘ಕರಪತ್ರ’ ಅನ್ನುತ್ತದೆ. ಕರಪತ್ರ ಅಂದರೆ ನನಗೆ ಕಾಣುವುದು ಧರಣಿ, ಚುನಾವಣೆ, ‘ಬಂಧುಗಳೇ’ ಅಂತ ಶುರುವಾಗುವ ಉದ್ದದ ಬರಹ. ಇವು ಹಾಗಲ್ಲ. ಸಾನ್ ಫ್ರಾನ್ಸಿಸ್ಕೊದ ಫಿಲ್‌ಮೋರ್, ಅವಲಾನ್ ಬಾಲ್‌ರೂಮ್ ಎಂಬ ಸಂಗೀತ-ಕುಣಿತದ ಸಭಾಂಗಣಗಳಲ್ಲಿ ಈ ವಾರ ಯಾವ ಬ್ಯಾಂಡು ಅಂತ ತಿಳಿಸಲು ಬೀದಿಯಲ್ಲಿ ಪುಕ್ಕಟೆ ಹಂಚಿದ ಚೀಟಿಗಳು. ಒಂದನ್ನು ಕೈಯಲ್ಲಿ ಹಿಡಿದು ನೋಡಿದೆ. ಸುಮಾರು 5×7 ಇಂಚು. ಮೂಲೆಯಲ್ಲಿ ಡ್ರಾಯಿಂಗ್ ಪಿನ್ನಿನ ತೂತು. ಅಕ್ಷರಗಳು ಬೆಂಕಿಯ ನಾಲಗೆಯ ಹಾಗೆ ಬಳುಕಿ ಒಂದಕ್ಕೊಂದು ಅಂಟಿಕೊಂಡಿವೆ. ಆ ಕಾಲದ ಪೋಸ್ಟರ್ ಕಲಾವಿದ ವೆಸ್ ವಿಲ್ಸನ್ ಬರೆಯುತ್ತಿದ್ದ ಬಗೆ ಅದು. ಬ್ಯಾಂಡಿನ ಹೆಸರು ಬಿಡಿಸಲು ನನಗೆ ಎರಡು ನಿಮಿಷ ಹಿಡಿಯಿತು. ಓದಲಾಗದ ಜಾಹೀರಾತು!

ನಮ್ಮಲ್ಲಿ ನಾಟಕ ಕಂಪನಿಯವರು, ಟೆಂಟ್ ಸಿನಿಮಾದವರು ಗಾಡಿಯಿಂದ ತೂರುತ್ತಿದ್ದದ್ದೂ ಹ್ಯಾಂಡ್‌ಬಿಲ್ಲೇ ಅಲ್ವಾ? ಮಕ್ಕಳು ಹಿಂದೆ ಓಡುತ್ತಿದ್ದರು. ಕರಪತ್ರದ ಹಿಂದೆ ಯಾರಾದರೂ ಓಡಿದ್ದನ್ನು ನಾನಂತೂ ಕೇಳಿಲ್ಲ. ‘ಹಸ್ತಪತ್ರ’ ಅಂದರೆ ‘ಹಸ್ತಪ್ರತಿ’ ಅಂತ ಓದಿಬಿಡುತ್ತಾರೆ. ಹಾಗಾಗಿ ಹ್ಯಾಂಡ್‌ಬಿಲ್ ಅಂತಲೇ ಉಳಿಸಿದೆ.

‘ಕೌಂಟರ್‌ಕಲ್ಚರ್’ಗೆ ‘ಪ್ರತಿಸಂಸ್ಕೃತಿ’ ಅಂತ ಬರೆದಿದ್ದೆ. ಗೆಳೆಯನ ತಾಯಿ ಓದಿ, ‘ಪ್ರತಿಯೊಂದು ಸಂಸ್ಕೃತಿನಾ?’ ಅಂದರು. ಸುಮ್ನೆ ‘ಹಿಪ್ಪಿಗಳ ಕಾಲ’ ಅಂತ ತಿದ್ದಿದೆ.

ನಿಜವಾದ ಕಷ್ಟ ಇನ್ನೊಂದು. ಕೂಡಿಡುವವರ ಕಣ್ಣಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಅಚ್ಚಾದದ್ದಕ್ಕೇ ಹೆಚ್ಚು ಬೆಲೆ. ಆಮೇಲೆ ಬೇಡಿಕೆ ಕಂಡು ಎಷ್ಟೋ ಚಿತ್ರಗಳನ್ನು ಮತ್ತೆ ಅಚ್ಚು ಹಾಕಿಸಿದ್ದಾರೆ. ‘ಮರುಮುದ್ರಣ’ ಅನ್ನೋಣವೆಂದರೆ, ಪುಸ್ತಕಕ್ಕೆ ಅದು ಹೆಮ್ಮೆಯ ಮಾತು. ಇಲ್ಲಿ ಬೆಲೆ ಇಳಿಸುವ ಮಾತು. ‘ಅಸಲಿ’ ಅಂದರೆ ಇನ್ನೊಂದು ನಕಲಿ ಅಂದಂತಾಗುತ್ತದೆ. ಅದೂ ಅನ್ಯಾಯ, ಏಕೆಂದರೆ ಎರಡನೆಯ ಸಲ ಅಚ್ಚು ಹಾಕಿಸಿದವರೂ ಆ ಕಾರ್ಯಕ್ರಮಗಳನ್ನು ನಡೆಸುತ್ತಿದ್ದ ಬಿಲ್ ಗ್ರಹಾಂ, ಫ್ಯಾಮಿಲಿ ಡಾಗ್‌ ತಂಡದವರೇ. ಸದ್ಯಕ್ಕೆ ‘ಮೊದಲ ಅಚ್ಚು’, ‘ನಂತರದ ಅಚ್ಚು’ ಅಂತ ಇಟ್ಟಿದ್ದೇನೆ. ಎರಡನೆಯದು ಯಾಕೋ ಸಪ್ಪೆ.

ಪ್ರೆಸ್ಸಿನಲ್ಲಿ ದುಡಿದವರು ಇಲ್ಲಿದ್ದರೆ ಹೇಳಿ: ಹಳೆಯ ಪ್ಲೇಟನ್ನೇ ಏರಿಸಿ ಮತ್ತೊಮ್ಮೆ ತೆಗೆದ ಪ್ರತಿಗಳಿಗೆ ನೀವು ಏನಂತಿದ್ರಿ?