ಮರು: ಪದ ಬೇಕು – 'ಚೈಲ್ಡ್ ಮೇಂಟೆನೆನ್ಸ್'ಗೆ ಜೀವನಾಂಶವೇ, ಸಲಹುಪಾಲೇ?

ಬ್ರಿಟನ್ನಿನ ಕನ್ನಡಿಗರಿಗಾಗಿ ಚೈಲ್ಡ್ ಮೇಂಟೆನೆನ್ಸ್ ಕುರಿತು ಮಾಡುತ್ತಿರುವ ಕರಪತ್ರಕ್ಕೆ ಕನ್ನಡ ಪದಗಳನ್ನು ಕೇಳಿದ್ದೀರಿ, ಅದು ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ ಎಂದೂ ಬರೆದಿದ್ದೀರಿ. ಆದ್ದರಿಂದ ಮೊದಲು ಉತ್ತರ, ತಕರಾರು ಆಮೇಲೆ.

ತಂದೆತಾಯಿ ಬೇರೆಯಾದಾಗ ಮಗುವಿನ ಖರ್ಚಿಗೆ ಕೊಡಬೇಕಾದ ಹಣವನ್ನು ಗೊತ್ತುಮಾಡಿ ಕೊಡಿಸುವ ಬ್ರಿಟನ್ನಿನ ಸರ್ಕಾರಿ ಸೇವೆ ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್ ಎಂಬುದಕ್ಕೆ 'ಮಕ್ಕಳ ಜೀವನಾಂಶ ಸೇವೆ' ಎಂದು ಬರೆಯಿರಿ. ಮೂಲ ಹೆಸರನ್ನೂ ಕನ್ನಡ ಲಿಪಿಯಲ್ಲಿ ಒಮ್ಮೆ ಕೊಡಿ. ಫೋನ್ ಮಾಡುವವರು ಅದನ್ನೇ ಹೇಳಬೇಕಾಗುತ್ತದೆ. 'ಮಕ್ಕಳ' ಎಂಬುದನ್ನು ಮಾತ್ರ ಎಲ್ಲಿಯೂ ಬಿಡಬೇಡಿ. ಬರೀ 'ಜೀವನಾಂಶ' ಎಂದರೆ ನಮ್ಮ ಓದುಗರ ಮನಸ್ಸು ನೇರವಾಗಿ ವಿಚ್ಛೇದನಕ್ಕೆ, ಹೆಂಡತಿಗೆ ಸಲ್ಲಬೇಕಾದ ಹಣಕ್ಕೆ ಹೋಗುತ್ತದೆ. ಗಂಡ ಹೆಂಡಿರ ನಡುವಿನ ಆ ಲೆಕ್ಕಕ್ಕೆ ಈ ಸೇವೆ ಕೈಹಾಕುವುದೇ ಇಲ್ಲ.

ನಿಮ್ಮ ಕರಡಿನ 'ಮಕ್ಕಳ ನಿರ್ವಹಣಾ ಸೇವೆ'ಯನ್ನು ಈಗಲೇ ಹೊಡೆದುಹಾಕಿ. ನಿರ್ವಹಣೆ ಲಿಫ್ಟಿಗೆ, ರಸ್ತೆಗೆ, ಕೆರೆಯ ಏರಿಗೆ.

ಇನ್ನು, ಸಂಸ್ಕೃತವನ್ನು ಹೊರಗಿಟ್ಟು 'ಸಲಹುಪಾಲು', 'ಸಲಹು ಕಚೇರಿ' ಎಂದು ಕಟ್ಟಿಕೊಟ್ಟ ಹಿರಿಯರಿಗೆ ಒಂದು ಮಾತು. 'ಸಲಹು' ಎಂಬ ಧಾತುವಿನ ಮೇಲೆ ನನಗೂ ಪ್ರೀತಿಯಿದೆ. ಆದರೆ ನಿನ್ನೆ ರಾತ್ರಿ ಅದನ್ನು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಮನೆಯ ಮೂವರಿಗೆ ತೋರಿಸಿದೆ. ಇಬ್ಬರು 'ಸಲಹಾ ಕಚೇರಿ' ಎಂದು ಓದಿದರು. ಮೂರನೆಯವರು ಪೆನ್ನು ತೆಗೆದುಕೊಂಡು 'ಹು'ವನ್ನು 'ಹಾ' ಮಾಡಿಕೊಟ್ಟರು. ಅಚ್ಚಗನ್ನಡದ ಧಾತು ಅರಬ್ಬಿಯಿಂದ ಬಂದ 'ಸಲಹೆ'ಯ ಎದುರು ಬೋರ್ಡಿನ ಮೇಲೆ ಸೋಲುತ್ತದೆ. 'ಸಾಕುಹಣ' ಎಂದವರಿಗೂ ಇದೇ ಉತ್ತರ: ಸಾಕುತಂದೆ, ಸಾಕುಮಗ ಎಂಬ ಮಾತುಗಳು ಇರುವಾಗ ಅದು ದತ್ತು ಮಕ್ಕಳ ಹಣವಾಗಿ ಕೇಳಿಸುತ್ತದೆ. ಈ ಎರಡೂ ನಡೆಯುವುದಿಲ್ಲ.

ನಿಜವಾದ ತೊಡಕು ಇರುವುದು 'ಆಬ್ಸೆಂಟ್ ಪೇರೆಂಟ್', ಅಂದರೆ ಮಗುವಿನ ಜೊತೆ ವಾಸವಿಲ್ಲದ ತಂದೆ ಅಥವಾ ತಾಯಿ, ಎಂಬುದರಲ್ಲಿ. 'ಗೈರುಹಾಜರಿ ಪೋಷಕ' ಎಂದು ಇಲ್ಲಿ ನಾಲ್ಕು ಜನ ಬರೆದಿದ್ದಾರೆ. ಪೋಷಕ ಎಂಬುದು 'ಪುಷ್' ಧಾತುವಿನಿಂದ ಬಂದದ್ದು. ಉಣಿಸಿ ಬೆಳೆಸುವವನು ಪೋಷಕ. ಮನೆಯಲ್ಲೂ ಇಲ್ಲದೆ ಹಣವನ್ನೂ ಕಳಿಸದೆ ಇರುವವನಿಗೆ ಆ ಹೆಸರು ಹೇಗೆ ಸಲ್ಲುತ್ತದೆ? ಶಾಲೆಯ ಅರ್ಜಿಗಳು ತಂದೆತಾಯಿಯರನ್ನು ಪೋಷಕರೆಂದು ಕರೆದು ರೂಢಿ ಮಾಡಿವೆ, ಅಲ್ಲಿ ಅದರಿಂದ ಕೆಡುಕೇನೂ ಇಲ್ಲ. ಇಲ್ಲಿ ಪೋಷಣೆಯೇ ವ್ಯಾಜ್ಯ. 'ಗೈರುಹಾಜರಿ'ಯಂತೂ ಹಾಜರಿ ಪುಸ್ತಕದ ಪದ.

ಬ್ರಿಟನ್ನಿನವರೇ ಆ ಹೆಸರನ್ನು ಕೈಬಿಟ್ಟಿದ್ದಾರೆ ಎಂಬುದನ್ನೂ ಗಮನಿಸಿ. ಮಕ್ಕಳ ಜೀವನಾಂಶ ಕುರಿತ 1991ರ ಕಾಯ್ದೆಯಲ್ಲಿ 'ಆಬ್ಸೆಂಟ್' ಎಂದಿದ್ದದ್ದು 2000ದ ತಿದ್ದುಪಡಿಯಲ್ಲಿ 'ನಾನ್ ರೆಸಿಡೆಂಟ್', ಅಂದರೆ ಜೊತೆಯಲ್ಲಿ ವಾಸವಿಲ್ಲದವರು, ಎಂದಾಯಿತು. ವಾರಕ್ಕೆ ಎರಡು ರಾತ್ರಿ ಮಗುವನ್ನು ತನ್ನ ಬಳಿ ಮಲಗಿಸಿಕೊಳ್ಳುವ ತಂದೆಯನ್ನು 'ಇಲ್ಲದವನು' ಎನ್ನುವುದು ಅನ್ಯಾಯ. ಆ ರಾತ್ರಿಗಳನ್ನು ಎಣಿಸಿಯೇ ಅವನು ಕೊಡಬೇಕಾದ ಮೊತ್ತವನ್ನು ಇಳಿಸುತ್ತಾರೆ. ಹಾಗೆಂದು ನಿಘಂಟು ನೋಡಿ 'ಅನಿವಾಸಿ ಪೋಷಕರು' ಎಂದು ಬರೆದೀರಿ, ಜೋಕೆ! ಅನಿವಾಸಿ ಎಂದರೆ ನಮಗೆ ಪರದೇಶದಲ್ಲಿ ನೆಲೆಸಿದ ಭಾರತೀಯ. ನಿಮ್ಮ ಕರಪತ್ರ ಓದುವ ಅಲ್ಲಿನ ಕನ್ನಡಿಗರೆಲ್ಲ, ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯೂ ಸೇರಿ, ಅನಿವಾಸಿಗಳೇ.

ಈಗ ಅಲ್ಲಿ 'ಪೇಯಿಂಗ್ ಪೇರೆಂಟ್', 'ರಿಸೀವಿಂಗ್ ಪೇರೆಂಟ್' ಎನ್ನುತ್ತಾರೆ. ಮೊದಲನೆಯದನ್ನು 'ಹಣ ಕೊಡುವ ತಂದೆ ಅಥವಾ ತಾಯಿ' ಎಂದು ಮಾಡಿದ್ದೀರಿ. 'ಕೊಡುವ' ಬೇಡ, 'ಕೊಡಬೇಕಾದ' ಇರಲಿ. ಎರಡು ವರ್ಷದಿಂದ ಬಿಡಿಗಾಸು ಕಳಿಸದವನೂ ಆ ಕಡತದಲ್ಲಿ 'ಪೇಯಿಂಗ್' ಆಗಿಯೇ ಇರುತ್ತಾನೆ. ಅವನನ್ನು 'ಕೊಡುವ ತಂದೆ' ಎಂದು ಅಚ್ಚು ಹಾಕಿದರೆ, ಬರದ ಹಣಕ್ಕಾಗಿ ಅದೇ ಕರಪತ್ರವನ್ನು ಬಿಡಿಸಿದ ತಾಯಿಗೆ ಹೇಗಾಗಬೇಡ? 'ರಿಸೀವಿಂಗ್' ಕಡೆಯೂ 'ಪಡೆಯಬೇಕಾದ' ಎಂದೇ ಇರಲಿ. ಎರಡಕ್ಷರ ಹೆಚ್ಚಾಯಿತೆಂದು ವಿನ್ಯಾಸ ಮಾಡುವವರು ಗೊಣಗಿದರೆ ಅಕ್ಷರದ ಗಾತ್ರ ಇಳಿಸಲು ಹೇಳಿ.

ಸೇವೆಯೇ ಒಬ್ಬರಿಂದ ಹಣ ತೆಗೆದುಕೊಂಡು ಇನ್ನೊಬ್ಬರಿಗೆ ತಲುಪಿಸುವ 'ಕಲೆಕ್ಟ್ ಅಂಡ್ ಪೇ' ಎಂಬ ಏರ್ಪಾಟಿಗೆ 'ವಸೂಲಿ ಮತ್ತು ಬಟವಾಡೆ'. ವಸೂಲಿ ಅರಬ್ಬಿ, ಬಟವಾಡೆ ಮರಾಠಿಯ ಕಡೆಯಿಂದ ಬಂದದ್ದು ಎಂದು ಯಾರೋ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾರೆ, ಗೊತ್ತಿದೆ. ಅರ್ಜಿ, ಬಾಕಿ, ಕಚೇರಿ ಇವೆಲ್ಲ ಯಾರ ಮನೆಯವು? ಸಂಬಳ ಬಟವಾಡೆ, ಪಿಂಚಣಿ ಬಟವಾಡೆ ಎಂದು ಕನ್ನಡದ ಕಚೇರಿಗಳು ತಲೆಮಾರುಗಳಿಂದ ಬರೆಯುತ್ತಿವೆ. 'ಸಂಗ್ರಹಣೆ' ಎಂದರೆ ಹಣ ಇಲಾಖೆಯ ಪೆಟ್ಟಿಗೆಯಲ್ಲೇ ಉಳಿದಂತಾಗುತ್ತದೆ. ಅರಬ್ಬಿಯಲ್ಲಿ 'ವುಸೂಲ್' ಎಂದರೆ ತಲುಪುವುದು. ಸರಿಯಾದ ವಸೂಲಿ ಎಂದರೆ ಹಣ ಬಂದು ಮುಟ್ಟುವುದು. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪದವನ್ನು ಯಾವ ಹಳಗನ್ನಡ ಕೋಶವೂ ನನಗೆ ತೋರಿಸಿಲ್ಲ.

ಈ ವಸೂಲಿ ಮತ್ತು ಬಟವಾಡೆಗೆ ಇಬ್ಬರಿಂದಲೂ ತೆಗೆದುಕೊಳ್ಳುವ ಶುಲ್ಕದ ವಾಕ್ಯವನ್ನೂ ತಿದ್ದಿ. ಶೇಕಡಾ 20 ಮತ್ತು ಶೇಕಡಾ 4 ಎಂದಷ್ಟೇ ಬರೆದರೆ ಓದುಗರಿಗೆ ತಿಳಿಯದು. 'ಮಗುವಿಗೆ 100 ಪೌಂಡ್ ಗೊತ್ತಾಗಿದ್ದರೆ ಕೊಡಬೇಕಾದವರಿಂದ 120 ವಸೂಲಾಗುತ್ತದೆ, ಪಡೆಯಬೇಕಾದವರಿಗೆ 96 ಬಟವಾಡೆಯಾಗುತ್ತದೆ' ಎಂದು ಬಿಡಿಸಿ ಹೇಳಿ.

'ಡಿಡಕ್ಷನ್ ಫ್ರಂ ಅರ್ನಿಂಗ್ಸ್ ಆರ್ಡರ್' ಎಂದರೆ 'ಸಂಬಳದಲ್ಲಿ ಮುರಿದುಕೊಳ್ಳುವ ಆದೇಶ'. ಅದರ ಮೊದಲಿಗೆ 'ಇಲಾಖೆಯ' ಎಂದು ಸೇರಿಸಿ. ಆದೇಶ ಎಂದ ಕೂಡಲೇ ನಮ್ಮವರು ನ್ಯಾಯಾಲಯ, ವಕೀಲರ ಖರ್ಚು ಎಂದು ಹೆದರಿ ಅರ್ಜಿಯನ್ನೇ ಹಾಕದೆ ಹೋಗುತ್ತಾರೆ. ಅಲ್ಲಿ ಇದನ್ನು ಹೊರಡಿಸಲು ಇಲಾಖೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿಲ್ಲ.

ತಿದ್ದಿದ ಎರಡನೆಯ ಪುಟವನ್ನು ಇಂದು ರಾತ್ರಿಯೇ ಕಳುಹಿಸಿ, ಬೆಳಗಾಗುವುದರೊಳಗೆ ನೋಡಿಕೊಡುತ್ತೇನೆ. 'ಬಾಕಿ' ಇರುವಲ್ಲೆಲ್ಲ 'ಬಾಕಿ'ಯೇ ಇರಲಿ, ಅದನ್ನು ಯಾರ ಮಾತು ಕೇಳಿಯೂ 'ಉಳಿಕೆ' ಮಾಡಬೇಡಿ.