ಮಗಳು ಮೊಲ ಬೇಕು ಅಂತಿದ್ದಾಳೆ, ನಮ್ಮ ಮನೆಗೆ ಆಗುತ್ತಾ?

ನಿಟುವಳ್ಳಿ ಅಪ್ಪ:

ದಾವಣಗೆರೆ ನಿಟುವಳ್ಳಿಯಲ್ಲಿ ನಮ್ಮದು ಬಾಡಿಗೆ ಮನೆ, ಮೊದಲನೇ ಮಹಡಿ. ಮಗಳು ನಾಲ್ಕನೇ ಕ್ಲಾಸು. ಗೆಳತಿ ಮನೆಯ ಮೊಲ ನೋಡಿ ಬಂದಾಗಿನಿಂದ ದಿನಾ ಒಂದೇ ಮಾತು. ಪಂಜರದ ಚಿತ್ರ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. "ಬೆಳಗ್ಗೆ ನಾನೇ ಎದ್ದು ಹುಲ್ಲು ಹಾಕ್ತೀನಿ ಅಪ್ಪಾ" ಅಂತಾಳೆ. ಮನಸಾರೆ ಹೇಳ್ತಾಳೆ, ಅದು ನನಗೆ ಗೊತ್ತು. ಆದರೆ ಅವಳಿಗಿನ್ನೂ ಒಂಬತ್ತು ವರ್ಷ.

ನಾನು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ, ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಹೆಂಡತಿ ಹರಿಹರದಲ್ಲಿ ಟೀಚರ್, ಎಂಟಕ್ಕೆ ಬಸ್ಸು ಹತ್ತಬೇಕು. ಮಧ್ಯಾಹ್ನ ಮನೆಯಲ್ಲಿರುವುದು ಅಮ್ಮ ಒಬ್ಬರೇ, ಅವರಿಗೆ ಮಂಡಿನೋವು. ಪಂಜರ ಇಡಲು ಜಾಗ ಅಂದರೆ ಟೆರೇಸಿನ ಮೇಲೆ, ಶೀಟಿನ ಕೆಳಗೆ. ಯುಗಾದಿಗೆ, ಜಾತ್ರೆಗೆ ಜಗಳೂರು ಕಡೆ ನಮ್ಮೂರಿಗೆ ಮೂರ್ನಾಲ್ಕು ದಿನ ಹೋಗುತ್ತೇವೆ. ಅಮ್ಮನಂತೂ "ಮೊಲ ಯಾಕೆ, ಗಿಳಿ ತಾ, ನಮ್ಮ ತವರಲ್ಲಿ ಇತ್ತು" ಅಂತಾರೆ.

ಅಂಗಡಿಯವನು ಜೋಡಿ ತಗೊಂಡರೆ ಕಮ್ಮಿ ಮಾಡ್ತೀನಿ ಅಂದ. ದುಡ್ಡಿನ ಚಿಂತೆ ಇಲ್ಲ. ಒಂದು ಜೀವ ತಂದು, ನೋಡಿಕೊಳ್ಳೋಕೆ ಆಗದೇ ಹೋದರೆ ಅನ್ನೋದೇ ಹೆದರಿಕೆ. ಸಾಕಿದವರು ಹೇಳಿ.

ದುರ್ಗದವಳು:

ಅಣ್ಣ, ನಾನು ಚಿತ್ರದುರ್ಗ. ಟೆರೇಸು, ಶೀಟು ಅಂತ ಓದಿದ ಕೂಡಲೇ ಎದೆ ಧಸಕ್ ಅಂತು.

ನಮ್ಮ ಬೆಳ್ಳಿಯನ್ನೂ ಶೀಟಿನ ಕೆಳಗೇ ಇಟ್ಟಿದ್ದೆವು. ನೆರಳಿದೆ, ಗಾಳಿ ಬರುತ್ತೆ, ಇನ್ನೇನು ಬೇಕು ಅಂದುಕೊಂಡಿದ್ದೆವು. ಏಪ್ರಿಲ್‌ನಲ್ಲಿ ಒಂದು ಮದುವೆಗೆ ಹೋಗಿ ನಾಲ್ಕು ಗಂಟೆಗೆ ಬಂದು ನೋಡಿದರೆ ಕಾಲು ಚಾಚಿ ಮಲಗಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಗದ್ದದ ಕೂದಲೆಲ್ಲ ಜೊಲ್ಲಿಗೆ ಒದ್ದೆ. ಕಿವಿ ಮುಟ್ಟಿದರೆ ಆಗಷ್ಟೇ ಹೆಂಚಿನಿಂದ ತೆಗೆದ ರೊಟ್ಟಿಯ ಹಾಗೆ ಸುಡುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಆಟೋ ಹತ್ತಿದೆವು. ಮೊದಲು ಹೋದ ಕಡೆ "ದನ, ಕುರಿ, ನಾಯಿ ಆದರೆ ನೋಡ್ತೀವಿ, ಮೊಲ ನಮಗೆ ಗೊತ್ತಿಲ್ಲ" ಅಂದರು. ಎರಡನೇ ಕಡೆ ತಲುಪುವಷ್ಟರಲ್ಲಿ ನನ್ನ ಮಡಿಲಲ್ಲೇ ಹೋಯಿತು. ಎರಡೂವರೆ ವರ್ಷ ಅಷ್ಟೇ. ಚೆನ್ನಾಗಿ ಸಾಕಿದರೆ ಮೊಲ ಎಂಟು ಹತ್ತು ವರ್ಷ ಬದುಕುತ್ತೆ.

ಆಮೇಲೆ ತಿಳಿಯಿತು. ಮೊಲ ನಮ್ಮ ಹಾಗೆ ಬೆವರಲ್ಲ. ಮೈ ಕಾವನ್ನು ಹೆಚ್ಚಾಗಿ ಕಿವಿಯಿಂದಲೇ ಹೊರಗೆ ಬಿಡುತ್ತೆ. ಸುತ್ತ 30 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ. ನಮ್ಮ ಕಡೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ, ಶೀಟಿನ ಕೆಳಗೆ ಇನ್ನೂ ಜಾಸ್ತಿ. ಗೋಡೆಗೆ ನೇತು ಹಾಕುವ ಥರ್ಮಾಮೀಟರ್ ಒಂದು ತನ್ನಿ. ಮಧ್ಯಾಹ್ನ ಮೂರಕ್ಕೆ ಶೀಟಿನ ಕೆಳಗೆ ಎಷ್ಟು, ಹಾಲ್‌ನಲ್ಲಿ ಎಷ್ಟು ಅಂತ ಒಂದು ವಾರ ಮಗಳ ಕೈಯಲ್ಲೇ ಬರೆಸಿ. ಮೊಲ ನೋಡುವ ಡಾಕ್ಟರ್ ಯಾರಿದ್ದಾರೆ ಅಂತ ತರುವ ಮೊದಲೇ ಫೋನ್ ಮಾಡಿ ಕೇಳಿ, ನಾನು ಕೇಳಿರಲಿಲ್ಲ. ಮೊಲ ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಬೆಳಗ್ಗೆ ನೋಡೋಣ ಅನ್ನೋ ಹಾಗಿಲ್ಲ, ಕರುಳಿನ ಕೆಲಸವೇ ನಿಂತುಬಿಡುತ್ತೆ.

ಜೋಡಿ ಅಂದರೆ ಗಂಡು ಹೆಣ್ಣು ಸರಿಯಾಗಿ ನೋಡಿಸಿಕೊಳ್ಳಿ. ಮರಿಗಳಲ್ಲಿ ಗುರುತು ತಪ್ಪೋದು ಸುಲಭ, ಗಬ್ಬ ಆದರೆ ಒಂದೇ ತಿಂಗಳಿಗೆ ಮರಿ ಹಾಕುತ್ತೆ.

ವಿದ್ಯಾನಗರದ ಗಿನಿ ಮನೆ:

ಎರಡು ಗಿನಿ ಪಿಗ್ ಸಾಕಿದ್ದೀನಿ, ಇದು ನಾಲ್ಕನೇ ವರ್ಷ. ಅಕ್ಕ ಬಿಸಿಲಿನ ಬಗ್ಗೆ ಹೇಳಿದ್ದು ಇವಕ್ಕೂ ಅಷ್ಟೇ ನಿಜ. ನಾನು ಮೇವಿನ ಮಾತು ಹೇಳ್ತೀನಿ.

ಮೊಲಕ್ಕೂ ಗಿನಿಗೂ ಹಲ್ಲು ಬೆಳೀತಾನೇ ಇರುತ್ತೆ. ಹುಲ್ಲು ಅಗಿದಷ್ಟೂ ಸವೆಯುತ್ತೆ, ಅದಕ್ಕೇ ಇಡೀ ದಿನ ಹುಲ್ಲು ಮುಂದಿರಬೇಕು. ನಮ್ಮಲ್ಲಿ ಸಲೀಸಾಗಿ ಸಿಗೋದು ಭತ್ತದ ಹುಲ್ಲು. ಕೆಳಗೆ ಹಾಸಲು ಸರಿ, ಸತ್ವ ಕಮ್ಮಿ. ಹಾಗಾಗಿ ದಿನಾ ಆರು ಗಂಟೆಗೆ ಎದ್ದು, ಔಷಧಿ ಹೊಡೆಯದ ಜಾಗ ಹುಡುಕಿ ಗರಿಕೆ ಕೊಯ್ದು ತರ್ತೀನಿ. ಮಳೆ ಬಂದರೂ, ಜ್ವರ ಬಂದರೂ. ಗಿನಿಗಾದರೆ ವಿಟಮಿನ್ ಸಿ ಮೈಯಲ್ಲಿ ತಯಾರಾಗಲ್ಲ, ದಿನಾ ದೊಣ್ಣೆ ಮೆಣಸಿನಕಾಯಿ ಒಂದು ತುಂಡು ಕೊಡಬೇಕು. ಬಂದ ನೆಂಟರು ಪ್ರೀತಿಯಿಂದ ಮಂಡಕ್ಕಿ ಹಾಕ್ತಾರೆ, ಮೆಕ್ಕೆಜೋಳ ಹಾಕ್ತಾರೆ. ಬೇಡ ಅನ್ನಲು ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ನಿಲ್ಲಬೇಕು.

ಮೊಲ ತರುವ ಮುಂಚೆ ಒಂದು ವಾರ ಗರಿಕೆ ಕೊಯ್ದು ನೋಡಿ ಸರ್. ಊರಿಗೆ ಹೋದಾಗ ನೋಡಿಕೊಳ್ಳೋದು ಯಾರು ಅಂತಲೂ ಈಗಲೇ ಗೊತ್ತಿರಲಿ. ಮತ್ತೆ ಗಿಳಿ ಬೇಡವೇ ಬೇಡ. ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿಡೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅಮ್ಮನಿಗೆ ನಿಧಾನಕ್ಕೆ ಹೇಳಿ.

ಹೊಸಬಳು:

ಮನೆ ಓನರ್‌ನ ಕೇಳಿದ್ರಾ? ನಮ್ಮ ಓನರ್ ಆರು ತಿಂಗಳಾದ ಮೇಲೆ ಬೇಡ ಅಂದರು. ಮಕ್ಕಳು ತುಂಬಾ ಅತ್ತವು.

ನಿಟುವಳ್ಳಿ ಅಪ್ಪ:

ಹತ್ತು ದಿನ ಬಿಟ್ಟು ಬರೀತಿದ್ದೇನೆ. ಓನರ್ ಆಯಿತು ಅಂದರು. ಸಂಜೆ ಹೊತ್ತು ಮೊಲ ನೋಡುವ ಡಾಕ್ಟರ್ ಒಬ್ಬರು ಸಿಕ್ಕರು. ಶೀಟಿನ ಕೆಳಗೆ ಮೂರು ಗಂಟೆಗೆ 40, 41, ಇನ್ನೂ ಮಾರ್ಚ್ ಇದು. ಹಾಲ್‌ನಲ್ಲಿ ಫ್ಯಾನ್ ಹಾಕಿದರೂ 32. ಮಗಳು ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಬರೆದಿದ್ದಾಳೆ.

ಗರಿಕೆ ನಾಲ್ಕು ದಿನ ಇಬ್ಬರೂ ಹೋಗಿ ತಂದೆವು, ಬೀದಿ ಕೊನೆಯ ಮನೆಯ ಹಸುವಿಗೆ ಹಾಕಿದೆವು. ಐದನೇ ದಿನ ಅವಳು ಏಳಲಿಲ್ಲ. ನಾನೂ ಏಳಲಿಲ್ಲ. ಹಸುವಿಗೆ ಬೇರೆ ಮೇವಿತ್ತು, ಮೊಲಕ್ಕೆ ಇರುತ್ತಿರಲಿಲ್ಲ. ಅವತ್ತು ಅಂಗಡಿಯಲ್ಲಿ ಇಡೀ ದಿನ ಅದೇ ತಲೆಯಲ್ಲಿತ್ತು.

ಈ ಬೇಸಿಗೆಗೆ ತರುತ್ತಿಲ್ಲ. ಅವಳು ಅತ್ತಳು, ಪಕ್ಕದಲ್ಲೇ ಕೂತಿದ್ದೆ. ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಗೆಳತಿ ಮನೆಯವರು ಧರ್ಮಸ್ಥಳಕ್ಕೆ ಹೋಗ್ತಾರಂತೆ. ಆ ಮೂರು ದಿನ ಅವರ ಮೊಲ ನಮ್ಮ ಹಾಲ್‌ನಲ್ಲಿರುತ್ತೆ. ಮಲಗಲು ತಂಪಾಗಿರಲಿ ಅಂತ ಕಡಪ ಕಲ್ಲಿನ ಒಂದು ತುಂಡು ತಂದಿದ್ದೇನೆ. ಅಕ್ಕಾ, ಅದನ್ನು ಒದ್ದೆ ಮಾಡಿ ಇಡಬೇಕಾ?

ದುರ್ಗದವಳು:

ಬೇಡ ಅಣ್ಣ, ಒಣಗಿದ್ದೇ ಇರಲಿ, ಒದ್ದೆಯಲ್ಲಿ ಕೂತರೆ ಪಾದ ಹುಣ್ಣಾಗುತ್ತೆ. ಸೆಕೆ ಅನ್ನಿಸಿದರೆ ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬೆಳ್ಳಿಯ ನೀರಿನ ಬಟ್ಟಲು ನನ್ನ ಹತ್ತಿರ ಹಾಗೇ ಇದೆ. ಮಣ್ಣಿನದು, ಭಾರ ಇದೆ, ಮಗುಚಲ್ಲ. ಮೇ ತಿಂಗಳಲ್ಲಿ ದಾವಣಗೆರೆಗೆ ಬರೋದಿದೆ, ಮಗಳಿಗೆ ತಂದು ಕೊಡ್ತೀನಿ.